ಒಳಮುಖದ ಕೊಪೆಕ್

ಗೋರ್ಕಿ, ಮಾರ್ಚ್ 6, 1966

ಅಕ್ಕಾ,

ಪಾರ್ಸೆಲ್ ಮುಟ್ಟಿತು. ಒಣಗಿದ ಸೇಬೂ ಬಂತು, ಖುಷ್ಪುವೂ ಬಂತು. ಆದರೆ ಎರಡನ್ನೂ ಒಂದೇ ಟವೆಲ್ಲಿನಲ್ಲಿ ಗಂಟು ಕಟ್ಟಿ ಕಳಿಸುತ್ತಾರೇನೆ ಮಾರಾಯ್ತಿ? ಸೇಬಿನ ಪುಡಿಯೆಲ್ಲ ಕಾಸುಗಳ ಸಂದಿಗೆ ಹೊಕ್ಕು ಕೂತಿದೆ. ಹಲ್ಲುಜ್ಜುವ ಬ್ರಷ್ ಹಿಡಿದು ಸಂಜೆಯೆಲ್ಲ ತಿಕ್ಕಿದ್ದಾಯಿತು. ಮೊದಲು ಅಮ್ಮನ ತಲೆಯ ಮೇಲೆ, ಆಮೇಲೆ ನಿನ್ನ ತಲೆಯ ಮೇಲೆ ಹಬ್ಬಹಬ್ಬಕ್ಕೂ ಘಲ್ಲೆನ್ನುತ್ತಿದ್ದ ಬೆಳ್ಳಿಕಾಸಿನ ಟೋಪಿ ಈಗ ನನ್ನ ಅಡಿಗೆಮನೆಯ ಮೇಜಿನ ಮೇಲೆ ಹುಳಿವಾಸನೆ ಹೊಡೆಯುತ್ತ ಕೂತಿದೆ.

ತೊಗಲು ಪೂರಾ ಹೋಗಿದೆ. ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಇದನ್ನು ಹೀಗೇ ನಿನ್ನ ಮೊಮ್ಮಗಳು ಲಿಸುಕ್ ತಲೆಗೆ ಇಟ್ಟಿದ್ದರೆ ಮದುವೆಯ ಮೊದಲ ಕುಣಿತಕ್ಕೇ ಅಂಗಳದ ಕೋಳಿಗಳಿಗೆ ಬೆಳ್ಳಿಯ ಕಾಳು ಚೆಲ್ಲಿದ ಹಾಗಾಗುತ್ತಿತ್ತು. ಯೋಚಿಸಬೇಡ. ಹಡಗುಕಟ್ಟೆಯಲ್ಲಿ ಬದುಕಿಡೀ ಟಾರ್ಪಾಲಿನ್ ಹೊಲಿದ ಕೈ ಇದು. ಹೊಸ ಕರುವಿನ ತೊಗಲು ತಂದಿದ್ದೇನೆ, ನೂಲಿಗೆ ಮೇಣ ಹಚ್ಚಿದ್ದೇನೆ. ನಿನ್ನ ಮೊಮ್ಮಗಳ ಮೊಮ್ಮಗಳು ಹಾಕಿಕೊಂಡರೂ ಒಂದು ಹೊಲಿಗೆ ಬಿಡುವುದಿಲ್ಲ.

ಇಷ್ಟು ವರ್ಷ ತಲೆಯ ಮೇಲೆ ಏನು ಹೊತ್ತಿದ್ದೆ ಅನ್ನುವುದು ನಿನಗೆ ಗೊತ್ತಿದೆಯೆ? ನನಗೂ ಗೊತ್ತಿರಲಿಲ್ಲ. ಪಿಂಚಣಿ ಬಂದ ಮೇಲೆ ಗ್ರಂಥಾಲಯದಲ್ಲಿ ಕೂತು ಓದಿ ತಿಳಿದದ್ದು. ಆ ಚಿಕ್ಕ ಕಾಸುಗಳು, ನಾವು ಮಕ್ಕಳಾಗಿದ್ದಾಗ ಮೀನಿನ ಹುರುಪೆ ಅನ್ನುತ್ತಿದ್ದೆವಲ್ಲ, ಅವು ಮಾಸ್ಕೋ ದೊರೆಗಳ ಬೆಳ್ಳಿಯ ಕೊಪೆಕ್. ಆಗ ಅಚ್ಚಿನ ಯಂತ್ರ ಎಲ್ಲಿತ್ತು? ಬೆಳ್ಳಿಯನ್ನು ತಂತಿ ಎಳೆಯುವುದು, ತಂತಿಯನ್ನು ತುಂಡರಿಸುವುದು, ತುಂಡನ್ನು ಚಪ್ಪಟೆ ಮಾಡಿ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು. ಅಚ್ಚು ದೊಡ್ಡದು, ಬೆಳ್ಳಿ ಚಿಕ್ಕದು. ಅದಕ್ಕೇ ಒಂದರಲ್ಲಿ ಕುದುರೆಯ ತಲೆ ಬಂದರೆ ಇನ್ನೊಂದರಲ್ಲಿ ಬಾಲ ಮಾತ್ರ. ಸವಾರನ ಕೈಯಲ್ಲಿ ಭರ್ಜಿ ಇದೆ. ರಷ್ಯನ್ನರ ಭಾಷೆಯ ಭರ್ಜಿಯೇ ಕೊಪೆಕ್ ಎಂಬ ಹೆಸರಿಗೆ ಮೂಲ. ನಾಲ್ಕುನೂರು ವರ್ಷದ ಹಿಂದಿನ ಮಾತು! ಪೀಟರ್ ದೊರೆ ದುಂಡಗಿನ ಕಾಸು ತಂದು ಇದನ್ನು ನಿಲ್ಲಿಸಿದ. ಸಂತೆಯಲ್ಲಿ ಸತ್ತ ಕಾಸು ನಮ್ಮ ಚುವಾಶ್ ಹೆಂಗಸರ ತಲೆಯ ಮೇಲೆ ಬದುಕಿತು ನೋಡು.

ಒಂದು ಮಾತು ಹೇಳದೆ ಇರಲಾರೆ. ಈ ಟೋಪಿಯನ್ನು ಹೊಲಿದವರಿಗೆ ಕಣ್ಣಿರಲಿಲ್ಲವೆ? ಹಣೆಯ ಅಂಚಿನ ಸಾಲಿನಲ್ಲಿ ಮೂರು ಕಾಸು ಬೆನ್ನು ತೋರಿಸಿಕೊಂಡು ಕೂತಿವೆ. ಸವಾರ ಹಣೆಗೆ ಮುಖ ಒತ್ತಿಕೊಂಡಿದ್ದಾನೆ! ಅವುಗಳ ಪಕ್ಕದ್ದಂತೂ ಕುದುರೆಯ ಹಿಂಗಾಲು ಬಿಟ್ಟರೆ ಏನೂ ಇಲ್ಲದ ತುಂಡು. ಇರಲಿ, ಎಲ್ಲ ಸರಿಮಾಡುತ್ತೇನೆ.

ನಿನ್ನ ತಮ್ಮ,
ಯಾಕುರ್


ಹಿರ್ಲೆಕಾಸಿ, ಮಾರ್ಚ್ 17, 1966

ಯಾಕುರ್,

ನಾನು ಕೇಳಿದ್ದು ತೊಗಲು ಬದಲಿಸು ಅಂತ. ನೀನು ಬರೆದದ್ದು ದೊರೆಗಳ ವಂಶಾವಳಿ. ನಿನ್ನ ಕಾಗದವನ್ನು ಲಿಸುಕ್ ಗಟ್ಟಿಯಾಗಿ ಓದಿದಳು, ಪಕ್ಕದ ಮನೆಯ ಪ್ರಾಸ್ಕಿ ಕೂತು ಕೇಳಿದಳು. "ನಿನ್ನ ತಮ್ಮ ಪಾರ್ಟಿ ಶಾಲೆಗೆ ಸೇರಿದ್ನೇನೆ?" ಅಂತ ಕೇಳಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಲ್ಲಿ ಹಿಮ ಇನ್ನೂ ಮೊಳಕಾಲುದ್ದ ಇದೆ. ಹಸು ಕರು ಹಾಕಿದೆ, ಗಂಡು. ಲಿಸುಕ್ ಮಾತು ಕೇಳಿದರೆ ತಲೆ ಕೆಡುತ್ತದೆ. "ಅಜ್ಜಿ, ಮದುವೆ ನೋಂದಣಿ ಕಚೇರಿಗೆ ಎಲ್ಲ ಹುಡುಗೀರೂ ಬಿಳಿ ಜಾಲರಿ ಮುಸುಕು ಹಾಕ್ಕೊಂಡು ಹೋಗ್ತಾರೆ. ನಾನೊಬ್ಬಳು ತಲೆ ಮೇಲೆ ಚಹಾ ಕಾಯಿಸೋ ಸಮೋವರ್ ಹೊತ್ಕೊಂಡ್ ಹೋಗ್ಲಾ?" ಅನ್ನುತ್ತಾಳೆ. ಕೊನೆಗೆ ಒಪ್ಪಿದ್ದಾಳೆ. ಕಚೇರಿಗೆ ಜಾಲರಿ, ಮನೆಗೆ ಬಂದ ಮೇಲೆ ಖುಷ್ಪು. ಅದು ಹೊತ್ತಿಗೆ ಬರದೆ ಹೋದರೆ ಜಾಲರಿಯಲ್ಲೇ ಮದುವೆ ಮುಗಿಯುತ್ತದೆ. ಆಮೇಲೆ ಆ ಟೋಪಿಯನ್ನು ಯಾರೂ ಕೇಳುವುದಿಲ್ಲ. ಅದು ನಮ್ಮ ಮನೆಯ ಹೆಂಗಸಿನ ತಲೆಗೆ ಏರದೆ ಪೆಟ್ಟಿಗೆಯಲ್ಲಿ ಕೂತದ್ದನ್ನು ನೋಡಿಕೊಂಡು ನಾನು ಸಾಯಬೇಕು.

ಕೇಳು. ಯಾವ ಕಾಸು ಎಲ್ಲಿತ್ತೋ ಅಲ್ಲೇ ಇರಲಿ. ಹೇಗಿತ್ತೋ ಹಾಗೇ ಇರಲಿ. ಹೆಂಗಸರ ತಲೆಯ ಮೇಲಿನ ಹೊಲಿಗೆ ಗಂಡಸರು ಮಾತಾಡುವ ವಿಷಯವಲ್ಲ. ನಿನಗೆ ಕೊಟ್ಟದ್ದು ನಿನ್ನ ಕೈ ಗಟ್ಟಿ ಅಂತ, ತಲೆ ಗಟ್ಟಿ ಅಂತ ಅಲ್ಲ.

ಹ್ವೆಕ್ಲಾ


ಗೋರ್ಕಿ, ಏಪ್ರಿಲ್ 10, 1966

ಅಕ್ಕಾ,

ಇವತ್ತು ಈಸ್ಟರ್. ಪಕ್ಕದ ಮನೆಯವರು ಕೆಂಪು ಮೊಟ್ಟೆ ಕೊಟ್ಟರು, ತಿಂದು ಬರೆಯಲು ಕೂತಿದ್ದೇನೆ. ಕೆಲಸ ಮುಗಿಯಿತು! ನಿನ್ನ ಮೊಂಡುತನಕ್ಕೆ ಉತ್ತರ ಕೊಡುವುದಿಲ್ಲ, ಕೆಲಸವೇ ಕೊಡಲಿ.

ಎಲ್ಲಿದ್ದದ್ದು ಅಲ್ಲೇ ಇರಲಿ ಅಂದೆಯಲ್ಲ, ಹಾಗೇ ಇಟ್ಟಿದ್ದೇನೆ. ಹಳೆಯ ತೊಗಲಿನ ಮೇಲೆ ಒಂದೊಂದು ಕಾಸೂ ತನ್ನ ಗುರುತು ಒತ್ತಿ ಹೋಗಿತ್ತು, ಹಸಿಮಣ್ಣಿನ ಮೇಲೆ ಕೋಳಿಹೆಜ್ಜೆ ಇದ್ದ ಹಾಗೆ. ಆ ಗುರುತನ್ನು ಹೊಸ ತೊಗಲಿಗೆ ಇಳಿಸಿಕೊಂಡು ಒಂದೊಂದನ್ನೂ ಅದರ ಮನೆಗೇ ಸೇರಿಸಿದ್ದೇನೆ. ಆ ಹಿಂಗಾಲಿನ ತುಂಡನ್ನು ಸಹ ಎಸೆಯಲಿಲ್ಲ. ಎಸೆಯಬೇಕೆನಿಸಿದ್ದು ನಿಜ.

ಹಣೆಯ ಸಾಲಿನ ಆ ಮೂರನ್ನು ಮಾತ್ರ ತಿರುಗಿಸಿ ಹೊಲಿದೆ. ತಪ್ಪನ್ನು ಕಂಡೂ ಕಂಡೂ ಹಾಗೇ ಹೊಲಿಯಲು ನನ್ನ ಕೈ ಒಪ್ಪಲಿಲ್ಲ. ಹಾಗೆ ತಿರುಗಿಸಿದ್ದೇ ಒಳ್ಳೆಯದಾಯಿತು. ಮೂರರಲ್ಲಿ ಒಂದು ನಕಲಿ! ಬೆಳ್ಳಿಯ ಬಣ್ಣದ ತಗಡು. ನಮ್ಮ ಕಡೆಯ ಹೆಂಗಸರಿಗೆ ಮಾರಲೆಂದೇ ತಿರುಗಾಟದ ವ್ಯಾಪಾರಿಗಳು ಒಂದೇ ಅಚ್ಚಿನಲ್ಲಿ ರಾಶಿರಾಶಿ ಹೊಡೆಯುತ್ತಿದ್ದ ಸರಕು. ಅಕ್ಷರ ಅಂತ ಇರುವುದು ಅಕ್ಷರವೇ ಅಲ್ಲ, ಕೋಳಿ ಕೆದಕಿದ ಗೀರು.

ಭಾನುವಾರ ಉದ್ಯಾನದಲ್ಲಿ ನಾವು ಕಾಸಿನ ಹುಚ್ಚರೆಲ್ಲ ಸೇರುತ್ತೇವೆ. ಅಲ್ಲಿಗೆ ಅದನ್ನು ಒಯ್ದೆ. ವಿಕೆಂತಿ ಪಾವ್ಲೊವಿಚ್ ಅಂತ ಒಬ್ಬರಿದ್ದಾರೆ, ಹಿಂದೆ ಔಷಧದಂಗಡಿ ನೋಡಿಕೊಳ್ಳುತ್ತಿದ್ದವರು. ಭೂತಗನ್ನಡಿಯಲ್ಲಿ ನೋಡಿ, ಇಲ್ಲಿಯವರೆಲ್ಲ ಕರೆಯುವ ನನ್ನ ರಷ್ಯನ್ ಹೆಸರು ಹಿಡಿದು, "ಯೆಗೋರ್ ಇವಾನಿಚ್, ಇದು ಕಸ ಕಣ್ರೀ. ಆದ್ರೆ ನಾನು ಕಸಾನೂ ಕೂಡಿಡ್ತೀನಿ. ಕೊಡಿ ಇಲ್ಲಿ, ಇದರ ಬದಲು ಅಲೆಕ್ಸಿ ದೊರೆ ಕಾಲದ ಅಸಲಿ ಬೆಳ್ಳಿ ಕೊಡ್ತೀನಿ" ಅಂದರು. ಎಂಥ ಮನುಷ್ಯ ನೋಡು! ಆ ಅಸಲಿ ಈಗ ಲಿಸುಕ್ ಖುಷ್ಪುವಿನಲ್ಲಿ ಭರ್ಜಿ ಎತ್ತಿ ನಿಂತಿದೆ. ಟೋಪಿಯಲ್ಲೆಲ್ಲ ಅದೇ ಚಂದ.

ಈ ಸಲವಾದರೂ ಹೊಗಳಿ ಬರೆ.

ಯಾಕುರ್


ಹಿರ್ಲೆಕಾಸಿ, ಏಪ್ರಿಲ್ 19, 1966

ಯಾಕುರ್,

ಬದಲಿಸಿದ ಕಾಸು ಈಗ ಎಲ್ಲಿದೆ? ಅದನ್ನೊಂದು ಬರೆ. ಬೇರೆ ಏನೂ ಬೇಡ.

ಹ್ವೆಕ್ಲಾ


ಗೋರ್ಕಿ, ಏಪ್ರಿಲ್ 27, 1966

ಅಕ್ಕಾ,

ನಿನ್ನ ಎರಡು ಸಾಲಿನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನನಗೇನು ಅರ್ಥವಾಗುವುದಿಲ್ಲವೆ? ತಮ್ಮ ಬೆಲೆಬಾಳುವುದನ್ನು ಎತ್ತಿಟ್ಟುಕೊಂಡು ಕೀಳು ಕಾಸು ಹೊಲಿದಿದ್ದಾನೆ ಅನ್ನುವುದು ನಿನ್ನ ಅನುಮಾನ. ಪ್ರಾಸ್ಕಿ ಕಿವಿ ಊದಿರಬೇಕು. ಹೇಳು ಅವಳಿಗೆ, ಯಾಕುರ್ ಕದಿಯುವವನಾಗಿದ್ದರೆ ಹಡಗುಕಟ್ಟೆಯಲ್ಲಿ ಇಷ್ಟು ವರ್ಷ ಕದ್ದು ಅರಮನೆ ಕಟ್ಟಿಸುತ್ತಿದ್ದ.

ನಕಲಿ ಕಾಸು ಅಂದರೆ ಏನು ಅನ್ನುವುದನ್ನು ತಿಳಿದುಕೋ. ಆ ಅಲೆಕ್ಸಿ ದೊರೆಯ ಕಾಲದಲ್ಲಿ ಯುದ್ಧಕ್ಕೆ ಬೆಳ್ಳಿ ಸಾಲದಾಯಿತು. ಅರಮನೆಯವರು ತಾಮ್ರದಲ್ಲಿ ಅದೇ ಕೊಪೆಕ್ ಹೊಡೆದು, ಇದೂ ಬೆಳ್ಳಿಯೇ ಅಂತ ತಿಳಿದುಕೊಳ್ಳಿ ಅಂದರು. ಸಂಬಳ ತಾಮ್ರದಲ್ಲಿ ಕೊಟ್ಟು ತೆರಿಗೆ ಬೆಳ್ಳಿಯಲ್ಲಿ ಕೇಳಿದರು. ಜನ ದಂಗೆ ಎದ್ದರು, ಎಷ್ಟೋ ಮಂದಿ ಸತ್ತರು. ಸುಳ್ಳು ಕಾಸು ಅಂದರೆ ಜನರ ಹೊಟ್ಟೆಯ ಮೇಲೆ ಹೊಡೆಯುವ ವಸ್ತು. ಅಂಥದ್ದನ್ನು ತೆಗೆದು ಸತ್ಯವಾದದ್ದನ್ನು ಹಾಕಿದವನಿಗೆ ನಿನ್ನಿಂದ ಸಿಕ್ಕಿದ್ದು ಪೊಲೀಸರ ವಿಚಾರಣೆ.

ಆ ತಗಡು ವಿಕೆಂತಿ ಪಾವ್ಲೊವಿಚ್ ಮನೆಯಲ್ಲಿದೆ. ಬೇಕಿದ್ದರೆ ನೀನೇ ಬಂದು ತಕ್ಕಡಿ ಹಿಡಿದು ತೂಗಿ ನೋಡು.

ಯಾಕುರ್


ಹಿರ್ಲೆಕಾಸಿ, ಮೇ 8, 1966

ಯಾಕುರ್,

ನಿನ್ನ ಮೇಲೆ ಕಳ್ಳತನದ ಅನುಮಾನ ಪಟ್ಟರೆ ನನ್ನ ನಾಲಿಗೆ ಬಿದ್ದುಹೋಗಲಿ. ನೀನು ಕಳ್ಳನಾಗಿದ್ದರೇ ಚೆನ್ನಾಗಿತ್ತು. ಕಳ್ಳ ಬೆಳ್ಳಿ ಕದ್ದು ತಗಡು ಬಿಟ್ಟು ಹೋಗುತ್ತಿದ್ದ.

ಇದನ್ನು ಬರೆಯಬಾರದು. ಅಮ್ಮ ಅಪ್ಪನಿಗೂ ಹೇಳಿದವಳಲ್ಲ. ನಾನು ನನ್ನ ಗಂಡನಿಗೆ ಹೇಳಿದವಳಲ್ಲ. ಆದರೆ ಹೇಳದೆ ಇದ್ದದ್ದಕ್ಕೆ ಹೀಗಾಯಿತಲ್ಲ, ಇನ್ನು ಬರೆಯುತ್ತೇನೆ. ಓದಿ ಒಲೆಗೆ ಹಾಕು.

ಹಣೆಯ ಸಾಲು ಮಕ್ಕಳ ಸಾಲು. ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ತಾಯಿ ಅಲ್ಲಿ ಒಂದು ಕಾಸು ಹೊಲಿಯುತ್ತಾಳೆ. ಆ ಸಾಲಿನ ಕಾಸುಗಳು ಅರ್ಧ ತೊಗಲ ಮೇಲೆ, ಅರ್ಧ ಹಣೆಯ ಮೇಲೆ. ಮಗು ತೀರಿಕೊಂಡರೆ ಕಾಸನ್ನು ಬಿಚ್ಚುವುದಿಲ್ಲ, ತಿರುಗಿಸಿ ಹೊಲಿಯುತ್ತೇವೆ. ಮುಖ ಊರಿಗಲ್ಲ, ತಾಯಿಗೆ. ಹಬ್ಬದ ದಿನ ಊರೆಲ್ಲ ನೋಡುವಾಗ ಅಳುವ ಹಾಗಿಲ್ಲ, ಕುಣಿಯಬೇಕು. ಆಗ ಆ ಮಗುವಿನ ಮುಖ ಹಣೆಗೆ ತಾಗಿರುತ್ತದೆ. ಅಷ್ಟೆ. ಇದಕ್ಕೆ ಪುಸ್ತಕ ಇಲ್ಲ.

ಮೂರರಲ್ಲಿ ಎರಡು ಅಮ್ಮನವು. ನಿನಗಿಂತ ಮುಂಚೆ ಹುಟ್ಟಿ, ಹೆಸರಿಡುವ ಮೊದಲೇ ಹೋದ ಇಬ್ಬರು ಹುಡುಗರು. ಅವರ ಪಕ್ಕದಲ್ಲಿ, ಕುದುರೆಯ ಹಿಂಗಾಲು ಬಿಟ್ಟು ಏನೂ ಇಲ್ಲ ಅಂದೆಯಲ್ಲ, ಎಸೆಯಬೇಕು ಅನ್ನಿಸಿತು ಅಂದೆಯಲ್ಲ, ಅದು ನೀನು. "ಚಂದದ ಕಾಸು ಹಾಕಿದ್ರೆ ದೃಷ್ಟಿ ತಗಲ್ತದೆ, ಇವನಿಗೆ ಮುರುಕಲು ಸಾಕು" ಅಂದಳಂತೆ ಅಮ್ಮ. ಅದಕ್ಕೇ ಉಳಿದೆಯೋ ಏನೋ.

ಮೂರನೆಯದು ನನ್ನ ಮಗಳು ಪಿನೆಸ್ಲು. ನೀನು ಅವಳನ್ನು ನೋಡಲಿಲ್ಲ. ಅವಳು ಹುಟ್ಟಿದಾಗ ನನ್ನ ಗಂಡ ಯುದ್ಧದಲ್ಲಿದ್ದ, ಮನೆಯಲ್ಲಿ ಬೆಳ್ಳಿಯ ಹೆಸರಿಲ್ಲ. ಅಲಾತಿರ್ ಸಂತೆಗೆ ಹೋಗಿ ಒಂದು ಬುಟ್ಟಿ ಮೊಟ್ಟೆ ಕೊಟ್ಟು ಅದನ್ನು ತಂದೆ. ತಗಡು ಅಂತ ಆವತ್ತೇ ಗೊತ್ತಿತ್ತು ಕಣೋ. ಕಚ್ಚಿ ನೋಡಿದ್ದೆ. "ನಕ್ಷತ್ರದ ಹಾಗೆ ಹೊಳೀತದೆ ತಾಯಿ, ಮಗುಗೆ ಇನ್ನೇನ್ ಬೇಕು?" ಅಂದ ವ್ಯಾಪಾರಿ. ನಿಜವಾಗಿ ಹೊಳೆಯುತ್ತಿತ್ತು.

ಇಪ್ಪತ್ತೊಂದರ ಬರಗಾಲದ ಚಳಿಗಾಲದಲ್ಲಿ ಓಕ್ ಕಾಯಿಯ ಹಿಟ್ಟಿನ ರೊಟ್ಟಿ ತಿಂದು ಹೊಟ್ಟೆ ಊದಿ ಹೋದಳು. ನೀನು ಆಗ ಸೈಬೀರಿಯಾದಲ್ಲಿ ಸೈನ್ಯದಲ್ಲಿದ್ದೆ. ನೀನು ಬಂದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ, ಊರಲ್ಲಿ ಯಾವ ಮನೆಯಲ್ಲಿ ಎತ್ತುವುದು? ಹೂಳುವಾಗ ನೆಲ ಕಬ್ಬಿಣದ ಹಾಗಿತ್ತು. ಆ ವರ್ಷದ ಗುಂಡಿಗಳಿಗೆ ಗುರುತೂ ಇಲ್ಲ. ಸಿಮೆಕ್ ಹಬ್ಬಕ್ಕೆ ಎಲ್ಲರೂ ಸ್ಮಶಾನಕ್ಕೆ ಹೋಗಿ ತಮ್ಮ ತಮ್ಮವರ ಮುಂದೆ ಕೂತು ಬಡಿಸುತ್ತಾರೆ. ನಾನು ಖುಷ್ಪು ಹಾಕಿಕೊಂಡು ಬೇಲಿಯ ಪಕ್ಕ ಕೂರುತ್ತೇನೆ. ಅವಳು ಇದ್ದದ್ದು ನನ್ನ ಹಣೆಯ ಮೇಲೆ, ಅದೊಂದೇ ಕಡೆ.

ನೀನು ಅವಳನ್ನು ಕಸ ಅಂತ ಕೊಟ್ಟು ದೊರೆಯನ್ನು ತಂದು ಕೂರಿಸಿದ್ದೀಯ.

ಆ ನಿನ್ನ ದೊರೆ ನನಗೆ ಬೇಡ. ಅವಳನ್ನು ತಂದುಕೊಡು. ತರಲಾಗದಿದ್ದರೆ ಖುಷ್ಪುವನ್ನೂ ಕಳಿಸಬೇಡ, ಲಿಸುಕ್ ಜಾಲರಿಯಲ್ಲೇ ಹೋಗಲಿ.

ನಿನ್ನ ಅಕ್ಕ


ಹಿರ್ಲೆಕಾಸಿ, ಮೇ 21, 1966

ಯಾಕುರ್, ಬೇರೆ ಹೊತ್ತಿನಲ್ಲಿ ಕೇಳದಿದ್ದರೂ ಐದು ಹಾಳೆ ಬರೆಯುವವನು ಈಗ ಯಾಕೆ ಬಾಯಿ ಮುಚ್ಚಿ ಕೂತಿದ್ದೀಯ? ಸಿಮೆಕ್ ಹತ್ತಿರ ಬಂತು. ಹಡಗುಗಳು ಓಡುತ್ತಿವೆ. ಲಿಸುಕ್‌ಳನ್ನು ಕಳಿಸುತ್ತಿದ್ದೇನೆ. ಇರುವುದನ್ನು ಇರುವ ಹಾಗೆ ಅವಳ ಕೈಗೆ ಕೊಡು. ಆರೋಗ್ಯ ಹೇಗಿದೆ ಅಂತಲೂ ಬರೆ.


ಗೋರ್ಕಿ, ಮೇ 28, 1966

ಅಕ್ಕಾ,

ಲಿಸುಕ್ ಹೊರಗಿನ ಕೋಣೆಯಲ್ಲಿ ಮಲಗಿದ್ದಾಳೆ, ಬೆಳಿಗ್ಗೆಯ ಹಡಗಿಗೆ ಹೊರಡುತ್ತಾಳೆ. ಈ ಕಾಗದ ಎಷ್ಟು ಸಲ ಶುರು ಮಾಡಿ ಹರಿದೆನೋ. ನಿನ್ನ ಕಾಗದವನ್ನು ಒಲೆಗೆ ಹಾಕು ಅಂದಿದ್ದೆ. ಹಾಕಿಲ್ಲ. ಬೈಯಬೇಕಾದರೆ ಬೈ.

ಓದಿದ ದಿನವೇ ವಿಕೆಂತಿ ಪಾವ್ಲೊವಿಚ್ ಮನೆಗೆ ಓಡಿದೆ. ಬೀಗ. ಮಗಳ ಊರಿಗೆ ಆಲೂಗಡ್ಡೆ ಬಿತ್ತಲು ಹೋಗಿದ್ದಾರೆ ಅಂದರು. ದಿನಾ ಹೋಗಿ ಬೀಗ ನೋಡಿ ಬಂದೆ. ಏನು ಅಂತ ನಿನಗೆ ಬರೆಯಲಿ? ಬೀಗ ಇದೆ ಅಂತಲೆ?

ಮೊನ್ನೆ ಬಂದರು. "ಆ ಚುವಾಶ್ ನಕಲಿನಾ? ಇದೆ, ಇದೆ" ಅಂತ ಹತ್ತಿ ಹಾಸಿದ ತಟ್ಟೆ ತಂದು ಮೇಜಿನ ಮೇಲಿಟ್ಟರು. ಅಕ್ಕಾ, ಅದರಲ್ಲಿ ನಾಲ್ಕಿವೆ. ನಾಲ್ಕೂ ಒಂದೇ ಅಚ್ಚಿನವು. ಅದೇ ಸವಾರ, ಅದೇ ಗೀರು, ತೂತು ಅದೇ ಜಾಗದಲ್ಲಿ.

"ನಾನು ಕೊಟ್ಟದ್ದು ಯಾವುದು?" ಅಂದೆ.

"ಯಾವುದಾದ್ರೇನ್ರೀ? ಎಲ್ಲಾನೂ ಒಟ್ಟಿಗೆ ತೊಳೆದು ಒಣಗಿಸಿಟ್ಟೆ. ಒಂದು ತಗೊಂಡ್ ಹೋಗಿ."

"ಯಾವುದೋ ಒಂದು ಆಗೋದಿಲ್ಲ. ಅದೇ ಆಗ್ಬೇಕು."

"ನಕಲಿಯಲ್ಲಿ ಅದೇ, ಇದೇ ಅಂತ ಏನಿರತ್ತೆ ಯೆಗೋರ್ ಇವಾನಿಚ್? ನಿಮಗೆ ಬಿಸಿಲು ಹತ್ತಿದೆ, ಕೂತ್ಕೊಳ್ಳಿ, ಚಹಾ ಕುಡೀರಿ."

ಚಹಾ ಕುಡಿಯಲಿಲ್ಲ. ಭೂತಗನ್ನಡಿ ಹಿಡಿದು ಮಧ್ಯಾಹ್ನವಿಡೀ ನೋಡಿದೆ. ದೊರೆಗಳ ಕಾಸಾದರೆ ಒಂದು ಚುಕ್ಕೆ ಕಂಡರೂ ಯಾವ ಊರಿನ ಟಂಕಸಾಲೆ ಅಂತ ಹೇಳಬಲ್ಲೆ. ಆ ದಿನ ನನಗೆ ಏನೂ ಗೊತ್ತಾಗಲಿಲ್ಲ. ಮಾರ್ಚ್‌ನಿಂದ ನನ್ನ ಮೇಜಿನ ಮೇಲಿತ್ತು, ಒಂದು ಸಲ ಸರಿಯಾಗಿ ನೋಡಿದ್ದರೆ! ಕಸ ಅಂತ ತೀರ್ಮಾನವಾದ ಮೇಲೆ ಯಾರು ನೋಡುತ್ತಾರೆ?

ಉಳಿದ ಮೂರು ಎಲ್ಲಿಂದ ಬಂದವು ಅಂತ ಕೇಳಿದೆ. ಹಳ್ಳಿಗಳಲ್ಲಿ ಹಳೆಯ ಟೋಪಿ ಕೊಂಡು ಬೆಳ್ಳಿ ಕಿತ್ತು ಮಾರುವವರ ಹತ್ತಿರ, ಅಂದರು.

ನಾಲ್ಕನ್ನೂ ತಂದಿದ್ದೇನೆ. ಹೇಗೆ ತಂದೆ ಅನ್ನುವುದು ನನಗೂ ಅವರಿಗೂ ಬಿಟ್ಟದ್ದು. ಅವರ ದೊರೆಯನ್ನು ಬಿಚ್ಚಿ ಹಿಂದಿರುಗಿಸಿದ್ದೇನೆ. ಅಮ್ಮನ ಎರಡನ್ನೂ ಮೊದಲಿದ್ದ ಹಾಗೇ ತಿರುಗಿಸಿ ಹೊಲಿದಿದ್ದೇನೆ. ಮೂರನೆಯ ಜಾಗ ಖಾಲಿ ಬಿಟ್ಟಿದ್ದೇನೆ. ನಾಲ್ಕು ಕಾಸು ಬಟ್ಟೆಯ ಗಂಟಿನಲ್ಲಿವೆ, ಜೊತೆಗೆ ದಬ್ಬಳ ಮತ್ತು ಮೇಣದ ನೂಲು. ನೀನು ತಾಯಿ, ನಿನಗೆ ಗುರುತು ಸಿಗಬಹುದು. ಸಿಗದಿದ್ದರೆ ನನಗೆ ತಿಳಿಸಬೇಡ.

ಆರೋಗ್ಯ ಚೆನ್ನಾಗಿದೆ. ಭಾನುವಾರ ಉದ್ಯಾನಕ್ಕೆ ಹೋಗುತ್ತಿಲ್ಲ, ಮೊಣಕಾಲು ನೋವು. ಮದುವೆಗೂ ಅದಕ್ಕೇ ಬರಲಾಗುವುದಿಲ್ಲ.

ಯಾಕುರ್


ಹಿರ್ಲೆಕಾಸಿ, ಜೂನ್ 14, 1966

ಯಾಕುರ್,

ಮೊಣಕಾಲು ನೋವಂತೆ! ಲಿಸುಕ್ ಬಂದವಳೇ ಹೇಳಿದಳು, "ಅಜ್ಜಿ, ತಾತನ ಮನೇಲಿ ಹಳೇ ಕಾಸು ಕೂಡಿಡೋ ಪೆಟ್ಟಿಗೆ ಖಾಲಿ ಬಿದ್ದಿದೆ, ಅದ್ರಲ್ಲಿ ಈರುಳ್ಳಿ ಹಾಕಿಟ್ಟಿದ್ದಾರೆ. ನನ್ನನ್ನ ಬೀಳ್ಕೊಡೋಕೆ ಹಡಗುಕಟ್ಟೇವರೆಗೂ ನಡ್ಕೊಂಡೇ ಬಂದ್ರು" ಅಂತ. ಮದುವೆಗೆ ಬಾರದೆ ಇರಲು ಇದಕ್ಕಿಂತ ಒಳ್ಳೆಯ ಸುಳ್ಳು ಹೇಳಲು ಬರಲಿಲ್ಲವೆ? ನಾನೇನು ನಿನ್ನನ್ನು ನುಂಗಿಬಿಡುತ್ತಿದ್ದೆನೆ? ಬೈಯುತ್ತಿದ್ದೆ, ನಿಜ. ಬೈದ ಮೇಲೆ ಊಟ ಹಾಕುತ್ತಿದ್ದೆ.

ಹೊಲಿಗೆ ಚೆನ್ನಾಗಿದೆ. ಅಮ್ಮ ನೋಡಿದ್ದರೆ ಹೊಗಳುತ್ತಿದ್ದಳು. ನಾನು ಹೊಗಳುವುದಿಲ್ಲ.

ತಿಳಿಸಬೇಡ ಅಂದೆ, ತಿಳಿಸುತ್ತೇನೆ. ಗುರುತು ಸಿಗಲಿಲ್ಲ. ಕಿಟಕಿಯ ಬೆಳಕಿನಲ್ಲಿ ನೋಡಿದೆ, ಕಣ್ಣು ಮುಚ್ಚಿ ಬೆರಳಾಡಿಸಿದೆ, ಒಂದೊಂದನ್ನೂ ಹಣೆಗೆ ಒತ್ತಿ ನೋಡಿದೆ. ಎಲ್ಲಕ್ಕೂ ನನ್ನ ಹಣೆ ಹೌದು ಅಂದಿತು. ಪ್ರಾಸ್ಕಿ ಬಾಗಿಲಲ್ಲಿ ನಿಂತಿದ್ದಳು. "ಹ್ವೆಕ್ಲಾ, ಒಂದನ್ನ ಹೊಲಿದ್ಬಿಡು, ಯಾರಿಗೆ ಗೊತ್ತಾಗ್ತದೆ?" ಅಂದಳು. ಒಂದನ್ನು ಎತ್ತಿ ದಬ್ಬಳಕ್ಕೆ ನೂಲು ಪೋಣಿಸಿದೆ. ಆಮೇಲೆ ಉಳಿದ ಮೂರನ್ನು ನೋಡಿದೆ. ಅವು ಎಲ್ಲಿಂದ ಬಂದವು ಅಂತ ನೀನೇ ಬರೆದಿದ್ದೆಯಲ್ಲ. ತಗಡು ಅಂತ ಗೊತ್ತಿದ್ದೂ ಕೊಂಡ ಹೆಂಗಸು ನಾನೊಬ್ಬಳೇ ಏನು? ಅವರ ಮನೆಯಲ್ಲೂ ಆ ವರ್ಷ ಬೆಳ್ಳಿ ಇದ್ದಿರಲಾರದು.

"ಬೇರೆ ಮನೆಯವರದನ್ನ ನಮ್ಮ ಸಾಲಿಗೆ ಸೇರಿಸ್ತಾರೇನೆ? ಎಲ್ಲಾದ್ರೂ ಉಂಟಾ?" ಅಂದಳು ಪ್ರಾಸ್ಕಿ.

"ಹಾಗಾದ್ರೆ ನಮ್ಮದು ಯಾವುದು ಅಂತ ತೋರಿಸು, ಅದೊಂದನ್ನೇ ಹೊಲೀತೀನಿ" ಅಂದೆ.

ಪ್ರಾಸ್ಕಿ ಬೈದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ತನ್ನ ಕನ್ನಡಕ ತಂದುಕೊಟ್ಟಳು, ನನ್ನದರಲ್ಲಿ ದಬ್ಬಳದ ಕಣ್ಣು ಕಾಣುವುದಿಲ್ಲ ಅಂತ ಅವಳಿಗೆ ಗೊತ್ತು.

ನಾಲ್ಕನ್ನೂ ಒಳಮುಖ ಮಾಡಿ ಹೊಲಿದೆ. ಸಾಲಿನಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿವೆ. ಕೂರಲಿ. ಸಿಮೆಕ್ ದಿನ ಬೇಲಿಯ ಪಕ್ಕ ಕೂತಾಗ ನಾಲ್ಕು ಮೊಟ್ಟೆ ಒಡೆದಿಟ್ಟೆ.

ಮೊನ್ನೆ ಮದುವೆಯಾಯಿತು. ಹುಡುಗ ಗೆನ್ನಾ ಒಳ್ಳೆಯವನು, ಸ್ವಲ್ಪ ಜಾಸ್ತಿ ಕುಡಿದು ಬೇಗ ಮಲಗಿದ. ನಿನ್ನ ಪಾಲಿನ ಮಾಂಸದ ಕಡುಬು ಖುಪ್ಲುವನ್ನು ಪ್ರಾಸ್ಕಿಯ ಮೊಮ್ಮಕ್ಕಳು ತಿಂದರು. ಬಾರದವರಿಗೆ ಹಾಗೇ ಆಗಬೇಕು. ಕಚೇರಿಯಿಂದ ಬಂದ ಲಿಸುಕ್ ಒಲೆಯ ಪಕ್ಕ ಕೂತು ಜಾಲರಿ ತೆಗೆದಿಟ್ಟಳು. ಹೆಂಗಸರೆಲ್ಲ ಸುತ್ತ ನಿಂತು ಹಾಡುತ್ತಿದ್ದರು. ನಾನು ಖುಷ್ಪುವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ತಲೆಗಿಟ್ಟು ಹಣೆಯ ಮೇಲೆ ಒತ್ತಿದೆ. ಹುಡುಗಿ ಬೆಚ್ಚಿದಳು.

"ಅಯ್ಯೋ ಅಜ್ಜಿ, ಇಲ್ಲೇನೋ ತಣ್ಣಗೆ ತಾಗ್ತಿದೆ."

"ತಾಗ್ಲಿ ಬಿಡು. ಸ್ವಲ್ಪ ಹೊತ್ತು ಸುಮ್ನಿರು, ಬೆಚ್ಚಗಾಗ್ತವೆ" ಅಂದೆ.

ಹ್ವೆಕ್ಲಾ